ಕೌದಿಯ ಊಟ

ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬೇಕರಿಯಿದೆ. ಮೊನ್ನೆ ಅದರ ಮುಂದೆ ನಿಂತಿದ್ದಾಗ ಆಗಷ್ಟೇ ಒಲೆಯಿಂದ ತೆಗೆದ ಪಾವಿನ ವಾಸನೆ ಬಂತು ನೋಡಿ, ಬಂದ ಬಸ್ಸನ್ನೇ ಬಿಟ್ಟುಬಿಟ್ಟೆ. ಪಾವಿನ ಮೇಲೆ ನನಗೆ ಅಂಥ ಆಸೆಯೇನಿಲ್ಲ. ರೊಟ್ಟಿ ಕಡಿದು ಬೆಳೆದ ಹಲ್ಲಿಗೆ ಅದು ಹತ್ತಿ ಅಗಿದ ಹಾಗೆ. ಆದರೆ ಆ ವಾಸನೆ ನನ್ನನ್ನು ಪರದೇಶದ ಬಾಗಿಲಿಗೆ ಒಯ್ದು ನಿಲ್ಲಿಸುತ್ತದೆ.

ಪರದೇಶವೆಂದರೆ ಹಡಗು, ವಿಮಾನ ಎಂದುಕೊಳ್ಳಬೇಡಿ. ಗೋವೆ. ಆಗ ಅಲ್ಲಿ ಪೋರ್ತುಗೀಸರ ಆಳಿಕೆ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಘಟ್ಟ ಇಳಿದರೆ ಬೇರೆ ನಾಣ್ಯ, ಬೇರೆ ಟೊಪ್ಪಿಗೆಯ ಪೊಲೀಸರು. ನಮ್ಮ ಯಜಮಾನರಿಗೆ ಅಲ್ಲಿನ ಬಂದರಿನ ಒಂದು ಕಾರ್ಖಾನೆಯಿಂದ ಕೆಲಸದ ಪತ್ರ ಬಂದಿತ್ತು. ಪರವಾನಗಿ ಇನ್ನೂ ಬರಬೇಕು. ಅಲ್ಲಿಯವರೆಗೆ ಊರು ನೋಡಲು ಬಂದವರೆಂದು ಗಡಿಯಲ್ಲಿ ಚೀಟಿ ಪಡೆದು ಇರಬಹುದು, ಕೆಲಸ ಮಾತ್ರ ಮುಟ್ಟಬಾರದು. ಯಜಮಾನರು ಹಾನಗಲ್ಲಿನ ಅಕ್ಕಿ ಗಿರಣಿಯ ಕೆಲಸ ಬಿಟ್ಟು ಹೊರಟರು. ಮದುವೆಯಾಗಿ ಆರು ತಿಂಗಳಾಗಿದ್ದ ನಾನೂ ಬೆನ್ನು ಹತ್ತಿದೆ. ಗಡಿಯಿಂದ ಹಿಂದಕ್ಕೆ ಕಳಿಸಿದರೆ ಆ ಕೆಲಸವೂ ಇಲ್ಲ, ಈ ಕೆಲಸವೂ ಇಲ್ಲ.

ಹೊರಡುವಾಗ ಹತ್ತಿಮತ್ತೂರಿನ ನಮ್ಮವ್ವ ಒಂದು ಕೌದಿ ಕೊಟ್ಟಳು. ಹಳೆಯ ಸೀರೆ, ಧೋತರಗಳನ್ನು ಪದರ ಹಾಕಿ ಹೊಲಿದದ್ದು. ನಮ್ಮ ಮನೆಯಲ್ಲಿ ಕೌದಿ ಮುಗಿಸುವಾಗ ನಡುವೆ ಒಂದು ಚೂರು ಕಡಕ್ ರೊಟ್ಟಿ ಇಟ್ಟು ಹೊಲಿಯುವ ಪದ್ಧತಿ. “ಉಪವಾಸ ಇರೋ ಕೌದಿ ಹೊಚ್ಗೊಂಡ್ರ ನಿದ್ದಿ ಹತ್ತೂದಿಲ್ಲವಾ” ಎನ್ನುತ್ತಿದ್ದಳು ಅವ್ವ.

ಗಡಿಯ ಠಾಣೆಯಲ್ಲಿ ತಪಾಸಣೆಯವನು ತೆಳ್ಳಗಿನ ಮನುಷ್ಯ. ಮೇಜಿನ ಮೇಲೆ ಅವನದೇ ಒಂದು ಪಾವು, ಕಾಗದದಲ್ಲಿ ಸುತ್ತಿಟ್ಟದ್ದು. ಆತ ನಮ್ಮ ಟ್ರಂಕು ನೋಡಿದ, ಬುತ್ತಿ ನೋಡಿದ. ಕೌದಿಯ ಮೇಲೆ ಕೈಯಾಡಿಸುತ್ತ ನಡುವೆ ಬಂದು ನಿಂತುಬಿಟ್ಟ. ಮರಾಠಿಯಲ್ಲಿ ಏನೋ ಕೇಳಿದ. ಯಜಮಾನರಿಗೆ ಮರಾಠಿ ಬರುತ್ತಿತ್ತು. ಬೆವರುತ್ತ ನನ್ನ ಕಡೆ ತಿರುಗಿದರು.

“ಒಳಗ ಗಟ್ಟಿ ಏನೈತಿ ಅಂತ ಕೇಳಾಕತ್ತಾನ. ಬಂಗಾರ ಇಟ್ಟೀಯೇನ?”

“ರೊಟ್ಟಿ ಐತ್ರಿ. ಕೌದಿ ಊಟ.”

“ಇದನ್ನ ಮರಾಠಿಯೊಳಗ ಹೆಂಗ ಹೇಳ್ಲಿ ನಾ?”

ಅಷ್ಟರಲ್ಲಿ ಆತನ ಕತ್ತರಿ ಹೊಲಿಗೆ ಬಿಚ್ಚಿಯಾಗಿತ್ತು. ರೊಟ್ಟಿಯ ಚೂರು ಮೇಜಿನ ಮೇಲೆ ಬಿದ್ದು ಪುಡಿಯಾಯಿತು. ಆತ ಪುಡಿಯನ್ನು ಬೆರಳಿನಿಂದ ಒತ್ತಿ ನೋಡಿದ, ನಾಲಿಗೆಗೂ ಹಚ್ಚಿಕೊಂಡ. ಯಜಮಾನರು ತಡವರಿಸುತ್ತ ವಿಷಯ ಹೇಳಿದರು. ಆತ ನಗಲಿಲ್ಲ, ಚೀಟಿ ಎಳೆದುಕೊಂಡು ಬರೆಯತೊಡಗಿದ. ಬುದ್ಧಿವಂತಳಾಗಿದ್ದರೆ ಕೈಮುಗಿದು ಸುಮ್ಮನಿರಬೇಕಿತ್ತು. ನಾನು ಹರಿದ ಕೌದಿ ಹಿಡಿದು ಅಲ್ಲೇ ನಿಂತೆ.

“ಬಿಚ್ಚಿದವ್ರೇ ಕೌದಿಗೆ ಉಣಸಬೇಕ್ರಿ. ಹೇಳ್ರಿ ಅವಗ.”

“ಏ ಮಾರಾಯ್ತಿ, ಚೀಟಿ ಇನ್ನ ಅವನ ಕೈಯಾಗ ಐತಿ! ಬುತ್ತ್ಯಾಗಿನ ರೊಟ್ಟಿ ಹಾಕಿ ಹೊಲಕೋ.”

“ಬಿಚ್ಚಿದವ್ರು ನಾವಲ್ಲಲ್ರಿ.”

ಅಂಥ ಪದ್ಧತಿ ಇತ್ತೇ? ಎಲ್ಲಿಯದು! ಸಿಟ್ಟಿನಲ್ಲಿ ನನ್ನ ಬಾಯಿ ಅಲ್ಲೇ ಹುಟ್ಟಿಸಿದ ಶಾಸ್ತ್ರ. ಯಜಮಾನರು ತಲೆ ತಗ್ಗಿಸಿ ಅದನ್ನೂ ಮರಾಠಿಗೆ ತಿರುಗಿಸಿದರು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಆತ ಒಂದು ಗಳಿಗೆ ನನ್ನನ್ನೇ ನೋಡಿ, ಕಾಗದ ಬಿಡಿಸಿ, ಪಾವನ್ನು ಮುರಿದ. ಚೂರು ಸಾಕಿತ್ತು, ಅರ್ಧವನ್ನೇ ನನ್ನ ಕೈಯಲ್ಲಿಟ್ಟ. ಆಮೇಲೆ ಚೀಟಿಗೆ ಮುದ್ರೆ ಒತ್ತಿದ. ನಾನು ಅಲ್ಲಿದ್ದ ಬೆಂಚಿನ ಮೇಲೆ ಕೂತು, ಪಾವನ್ನು ಚಪ್ಪಟೆ ಮಾಡಿ, ಅಷ್ಟನ್ನೂ ಒಳಗಿಟ್ಟು ಹೊಲಿದೇ ಎದ್ದೆ.

ಪರವಾನಗಿ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಅಲ್ಲಿಯವರೆಗೆ ಯಜಮಾನರು ದಿನಾ ಬಂದರಿಗೆ ಹೋಗಿ, ಬೇರೆಯವರು ದುಡಿಯುವುದನ್ನು ನೋಡಿ ಬರುತ್ತಿದ್ದರು. ನೋಡಲೆಂದೇ ಬಂದವರಲ್ಲವೇ! ನಿದ್ದೆಯೇನೋ ಇಬ್ಬರಿಗೂ ಚೆನ್ನಾಗಿ ಹತ್ತಿತು.

ಇದನ್ನು ಇಷ್ಟು ವರ್ಷ ನನ್ನ ಧೈರ್ಯದ ಕಥೆಯೆಂದೇ ಹೇಳಿಕೊಂಡು ತಿರುಗಿದೆ. ಮೊನ್ನೆ ಬೇಕರಿಯ ಮುಂದೆ ಮೊದಲ ಸಲ ಹೊಳೆಯಿತು: ಆ ಪಾವು ತಪಾಸಣೆಯವನ ಮಧ್ಯಾಹ್ನದ ಊಟ. ನಮ್ಮ ಬುತ್ತಿಯಲ್ಲೋ ಅಡಕಿಟ್ಟ ರೊಟ್ಟಿ, ಶೇಂಗಾ ಚಟ್ನಿ. ಒಂದನ್ನು ಎತ್ತಿ ಕೊಡಲು ಮರಾಠಿ ಬೇಕಿರಲಿಲ್ಲ, ಕೈ ಚಾಚಿದ್ದರೆ ಸಾಕಿತ್ತು. ಕೌದಿ ಹಸಿದೀತೆಂದು ಗಡಿಯಲ್ಲಿ ಹಟ ಹಿಡಿದವಳು, ಎದುರಿಗಿದ್ದ ಮನುಷ್ಯನನ್ನು ಅರೆಹೊಟ್ಟೆಯಲ್ಲಿ ಕೂರಿಸಿ ಬಂದಿದ್ದೆ.