ಅಲೆಯೇಳದ ಅಪ್ಪ

ಮೊನ್ನೆ ಕಾರವಾರದ ಮೀನುಪೇಟೆಯ ಹಿಂದಿನ ಓಣಿಯಲ್ಲಿ ಯಾರದೋ ಮನೆಯಲ್ಲಿ ಒಣ ಸೀಗಡಿ ಹುರಿಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ಹಟ್ಟಿಕೇರಿಯ ನಮ್ಮ ಮನೆಯ ಒಲೆ ಕಣ್ಣಮುಂದೆ ಬಂತು. ಅವ್ವಿ ಅದಕ್ಕೆ ತೆಂಗಿನತುರಿ, ಸುಟ್ಟ ಮೆಣಸು ಸೇರಿಸಿ ಅರೆದರೆ ಗಂಜಿಗೆ ಬೇರೇನೂ ಬೇಕಿರಲಿಲ್ಲ. ಅದನ್ನು ಮನೆಯಿಂದ ಓಡಿಸಿದವನು ಅಪ್ಪ. ತಾಮಸ ಆಹಾರ ಪ್ರಜ್ಞೆಯನ್ನು ಕೆಳಗೆಳೆಯುತ್ತದೆ ಎಂದು ಅಂಕೋಲೆಯ ಧ್ಯಾನಶಿಬಿರದಲ್ಲಿ ಗುರೂಜಿ ಹೇಳಿದ್ದರಂತೆ.

ಅಪ್ಪ ಕೆಟ್ಟವನಾಗಿರಲಿಲ್ಲ, ನನ್ನ ಸಂಕಟವೇ ಅದು. ಹಗಲೆಲ್ಲ ಗದ್ದೆಯ ಕೂಲಿ, ಸಂಜೆ ಕುಡಿತ. ಶಿಬಿರಕ್ಕೆ ಹೋದಮೇಲೆ ಕುಡಿತ ಬಿಟ್ಟ. ಆ ಖುಷಿಗೆ ಅವ್ವಿ ಗುರೂಜಿಯ ಫೋಟೋಕ್ಕೆ ತಾನೇ ಅಬ್ಬಲಿಗೆ ಮಾಲೆ ಹಾಕಿದ್ದಳು. ಆಮೇಲೆ ಅವನ ಸಿಟ್ಟು ಹೋಯಿತು, ಹಿಂದೆಯೇ ನಗುವೂ ಹೋಯಿತು. ಎಚ್ಚರ, ಕನಸು, ನಿದ್ದೆ ಮೂರನ್ನೂ ಮೀರಿದ ಪ್ರಜ್ಞೆಯೊಂದಿದೆ, ಅಲ್ಲಿಗೆ ಏರಿದವನು ಸುಖದುಃಖಗಳಿಗೆ ಬರೀ ಸಾಕ್ಷಿ ಎಂದು ನನಗೆ ಬಿಡಿಸಿ ಹೇಳುತ್ತಿದ್ದ. ಬಿದ್ದು ಮೊಣಕಾಲು ಕೆತ್ತಿಕೊಂಡು ಬಂದರೆ, ನೋವನ್ನು ದೂರದಿಂದ ನೋಡು ಎನ್ನುತ್ತಿದ್ದ. ಗಾಯ ತೊಳೆಯುವವಳು ಅವ್ವಿ.

ನಾನು ಏಳನೇ ಇಯತ್ತೆಯಲ್ಲಿದ್ದ ಮಳೆಗಾಲದಲ್ಲಿ, ನಾಟಿ ಮುಗಿಸಿ ಬಂದ ಅವ್ವಿಗೆ ಜ್ವರ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಅವಳ ಕಣ್ಣು ಅರಿಸಿನದ ಹಾಗೆ ಹಳದಿಯಾಗಿತ್ತು. ಅಪ್ಪ ತಲೆದೆಸೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

"ಜ್ವರ ದೇಹಕ್ಕೆ ಬಂದದ್ದು. ನೀ ದೇಹ ಅಲ್ಲ. ಸುಮ್ನೆ ನೋಡ್ತಾ ಇರು," ಎಂದ.

"ನೀವು ನೋಡಿದ್ ಸಾಕು," ಎಂದಳು ಅವ್ವಿ. "ಒಂದ್ ರಿಕ್ಷಾ ತಕಂಡ್ ಬನ್ನಿ."

ಅಪ್ಪ ಧ್ಯಾನಕ್ಕೆ ಕಣ್ಣು ಮುಚ್ಚಿಕೊಂಡ. ನಾನೇ ಮಳೆಯಲ್ಲಿ ಓಡಿಹೋಗಿ ರಿಕ್ಷಾ ಕರೆತಂದೆ. ಕಾರವಾರದ ಆಸ್ಪತ್ರೆಯಲ್ಲಿ ಅವಳು ಎರಡೇ ದಿನ ಇದ್ದಳು. ಮೊದಲೇ ಕರೆತರಬೇಕಿತ್ತು ಎಂದು ಡಾಕ್ಟರರು ಹೇಳಿದಾಗ ಅಪ್ಪ ಶಾಂತವಾಗಿ ತಲೆಯಾಡಿಸಿದ. ಚಿತೆಗೆ ಬೆಂಕಿ ಇಡುವಾಗಲೂ ಅಳಲಿಲ್ಲ. ತಿಂಗಳು ಕಳೆಯುವುದರೊಳಗೆ ಶಿಬಿರದವರು ಅವನನ್ನು ವೇದಿಕೆ ಹತ್ತಿಸಿದರು. "ಹೆಂಡ್ತಿ ಹೋದಾಗ ನನ್ನೊಳಗೆ ಒಂದು ಅಲೆನೂ ಏಳ್ಲಿಲ್ಲ," ಎಂದ ಅಪ್ಪ. ಜನ ಚಪ್ಪಾಳೆ ತಟ್ಟಿದರು. ಹಿಂದೆ ಚಾಪೆಯ ಮೇಲೆ ಕೂತಿದ್ದ ನನ್ನ ತಲೆಯನ್ನು ಯಾವುದೋ ಹೆಂಗಸು ಸವರಿ, ಪುಣ್ಯವಂತೆ ಎಂದಳು. ಆ ಕೈಯನ್ನು ಕಚ್ಚಬೇಕೆನಿಸಿತ್ತು.

ಮದುವೆಯಾಗಿ ಅಗಸೂರಿಗೆ ಬಂದ ಎಷ್ಟೋ ವರ್ಷಗಳ ಮೇಲೆ, ಕಾಲು ಸೋತ ಅಪ್ಪನನ್ನು ನಮ್ಮ ಮನೆಗೇ ಕರೆತಂದೆ. ಒಂದು ಮಧ್ಯಾಹ್ನ ಗಂಜಿ ಉಣ್ಣುತ್ತಿದ್ದವನು ಕೈ ನಿಲ್ಲಿಸಿದ.

"ಮಗಾ, ನಿನ್ನ ಅವ್ವಿ ಮುಖ ನೆನಪಿಗೇ ಬತ್ತಿಲ್ಲ. ಹೆಂಗಿದ್ಲೇ ಅವ್ಳು?"

ಬಟ್ಟಲನ್ನು ಬದಿಗೆ ಸರಿಸಿ ನನ್ನ ಮುಖವನ್ನೇ ನೋಡಿದ. ನನಗೆ ಎಲ್ಲ ನೆನಪಿತ್ತು: ಎಡಹುಬ್ಬಿನ ಕೆಳಗಿನ ಮಚ್ಚೆ, ನಕ್ಕಾಗ ಕಾಣುವ ವಾರೆ ಹಲ್ಲು. ಒಂದೂ ಹೇಳಲಿಲ್ಲ. ಬಟ್ಟಲು ಎತ್ತಿಕೊಂಡು ಒಳಗೆ ಹೋದೆ. ಅವನು ಮತ್ತೆ ಕೇಳಲಿಲ್ಲ. ಆ ವರ್ಷದ ಮಳೆಗಾಲ ದಾಟಲಿಲ್ಲ.

ಈಗ ಆ ಮಚ್ಚೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಒಮ್ಮೊಮ್ಮೆ ನನಗೇ ಅನುಮಾನ ಬರುತ್ತದೆ. ಕೇಳೋಣವೆಂದರೆ ಅವಳನ್ನು ಕಂಡಿದ್ದವರು ಈಗ ಯಾರೂ ಇಲ್ಲ.