ನಾನು ಒರೆಸಿಹಾಕಿದ ಹಳದಿ ಗೆರೆಗಳು

ನಾನು ಚಿಕ್ಕವಳಿದ್ದಾಗ ನನ್ನ ಮೈಯಿಂದ ಸೀಮೆಎಣ್ಣೆ ವಾಸನೆ ಬರುತ್ತಿತ್ತು. ಮೂಗು ಮುರಿಯಬೇಡಿ ಮಕ್ಕಳೇ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಶಾಲೆಯಲ್ಲಿ ನನ್ನ ಪಕ್ಕದವಳು ಒಂದು ಗೇಣು ಜಾಗ ಬಿಟ್ಟೇ ಕೂರುತ್ತಿದ್ದಳು. ಮನೆಯಲ್ಲಿ ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಅಪ್ಪ, ಅಕ್ಕ, ನಾನು, ಮೂವರದೂ ಅದೇ ವಾಸನೆ, ಅಮ್ಮನಿಗೆ ಅದು ರೂಢಿಯಾಗಿತ್ತು.

ನಮ್ಮ ಮನೆ ಇದ್ದದ್ದು ಪೀಣ್ಯದ ಹಳೇ ಊರಿನೊಳಗೆ. ಸುತ್ತಲ ಹೊಲಗಳೆಲ್ಲ ಕಾರ್ಖಾನೆಗಳಾದಾಗ ಅಪ್ಪ ಅವುಗಳಲ್ಲೇ ಒಂದಕ್ಕೆ ಕೂಲಿಗೆ ಸೇರಿ, ನೋಡಿ ನೋಡಿಯೇ ಮಷಿನ್ ಬಿಚ್ಚಿ ಜೋಡಿಸುವುದನ್ನು ಕಲಿತುಬಿಟ್ಟ. ಕೆಲಸ ಕೈಗೆ ಹತ್ತಿದ ಮೇಲೆ ಇನ್ನೊಬ್ಬರ ಕೈಕೆಳಗೆ ಇರಲಾರೆ ಎಂದು ಬಿಟ್ಟು ಬಂದು, ಹಸುಗಳಿಲ್ಲದೆ ಖಾಲಿ ಬಿದ್ದಿದ್ದ ನಮ್ಮ ಕೊಟ್ಟಿಗೆಯನ್ನೇ ಶೆಡ್ ಮಾಡಿಕೊಂಡ. ಗೋದಲಿಯಲ್ಲಿ ಸ್ಪ್ಯಾನರುಗಳು, ಕಲಗಚ್ಚಿನ ಬಾನಿಯಲ್ಲಿ ಸೀಮೆಎಣ್ಣೆ.

ಆ ಶೆಡ್ಡಿಗೆ ಬಂದ ಮೊದಲ ದೊಡ್ಡ ಕೆಲಸ ಒಂದು ಹಳೆಯ ಲೇತ್ ಮಷಿನ್, ಅಂದರೆ ಕಬ್ಬಿಣವನ್ನು ಗಿರಗಿರನೆ ತಿರುಗಿಸಿ ಕಡೆಯುವ ಯಂತ್ರ. ಎಷ್ಟೋ ಮಳೆಗಾಲ ಬಯಲಲ್ಲೇ ಬಿದ್ದು ತುಕ್ಕು ಹಿಡಿದಿತ್ತು. ಅದರ ಯಜಮಾನರು ಭಾನುವಾರ ಸಂಜೆ ಬಂದು ಓಡಿಸಿ ನೋಡುತ್ತೇನೆ ಎಂದಿದ್ದರು. ಓಡಿದರೆ ಇನ್ನೂ ಮೂರು ಮಷಿನ್ ಕಳಿಸುತ್ತಾರಂತೆ. ಓಡದಿದ್ದರೆ ಶೆಡ್ಡಿಗೆ ಬೀಗ ಹಾಕಿ ಅಪ್ಪ ಮತ್ತೆ ಹಳೇ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಬೇಕು. ಅಮ್ಮ ಒಲೆ ಮುಂದೆ ಕೂತು ಇದನ್ನು ಹೇಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು.

ಆ ಭಾನುವಾರ ಬೆಳಿಗ್ಗೆಯೇ ಶುರು. ಹಳೇ ಬಣ್ಣ ತೆಗೆಯುವ ಕಾಸ್ಟಿಕ್ ಸೋಡಾ ಬಕೆಟ್ಟಿನ ಹತ್ತಿರ ಅಪ್ಪ ನಮ್ಮನ್ನು ಸುಳಿಯಲೂ ಬಿಡುತ್ತಿರಲಿಲ್ಲ, ಅದು ತಾಗಿದರೆ ಚರ್ಮವೇ ಸುಲಿದು ಬರುತ್ತದೆ. ನಾವು ದೂರ ನಿಂತು ನೋಡುತ್ತಿದ್ದೆವು. ಬಣ್ಣ ಉಬ್ಬಿ ಪದರ ಪದರವಾಗಿ ಏಳುತ್ತಿತ್ತು. ಹಸಿರಿನ ಕೆಳಗೆ ಬೂದು, ಬೂದಿನ ಕೆಳಗೆ ಇಟ್ಟಿಗೆ ಕೆಂಪು. ನಮ್ಮ ಪಾಲಿಗೆ ಬಂದದ್ದು ಗ್ರೀಸು ಮತ್ತು ತುಕ್ಕು. ಗ್ರೀಸು ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ತೆಂಗಿನ ಚಿಪ್ಪಿನ ಚೂರಿನಿಂದ ಕೆರೆದು, ತಂತಿ ಬ್ರಷ್ಷಿನಲ್ಲಿ ಉಜ್ಜಬೇಕು. ತುಕ್ಕಿನ ಪುಡಿ ಗಂಟಲಿಗೆ ಇಳಿದು ಸಂಜೆವರೆಗೂ ಬಾಯಲ್ಲಿ ಕಬ್ಬಿಣದ ರುಚಿ. ಬಣ್ಣ, ತುಕ್ಕು ಒಂದು ಚುಕ್ಕೆಯೂ ಉಳಿಯಬಾರದು ಎಂದು ಅಪ್ಪ ನೂರು ಸಲ ಹೇಳಿದ್ದ. ಚೆನ್ನಾಗಿ ಹೊಳೆದರೆ ‘ಭೇಷ್’ ಅನ್ನುತ್ತಿದ್ದ. ಆ ಒಂದು ಭೇಷ್‌ಗೆ ನಾನು ಊಟವನ್ನೂ ಬಿಡುತ್ತಿದ್ದೆ.

ಮಧ್ಯಾಹ್ನ ಅಕ್ಕ ನೀರು ತರಲು ಹೋದಳು. ಅಪ್ಪ ಹೊರಗೆ ಸೋಡಾ ಬಕೆಟ್ಟಿನ ಮುಂದೆ ಇದ್ದ. ಮೂಲೆಯಲ್ಲಿ ನಾಲ್ಕು ಕಬ್ಬಿಣದ ಮುಚ್ಚಳಗಳು ನನ್ನ ಕಣ್ಣಿಗೆ ಬಿದ್ದವು. ನಾಲ್ಕೂ ಒಂದೇ ಅಚ್ಚು, ಅರ್ಧಚಂದ್ರದ ಹಾಗೆ. ಒಂದೊಂದರ ಅಂಚಿನಲ್ಲೂ ಹಳದಿ ಬಣ್ಣ. ಅಯ್ಯೋ, ಇವನ್ನು ಮರೆತೇಬಿಟ್ಟಿದ್ದಾರಲ್ಲ ಎಂದುಕೊಂಡೆ. ಕೂತು, ತೋಳು ಬಿದ್ದುಹೋಗುವ ಹಾಗೆ ಉಜ್ಜಿ, ಮರಳುಮರಳಾದ ಎಮರಿ ಕಾಗದ ಹಾಕಿ ತಿಕ್ಕಿ, ಬೆಳ್ಳಿ ಬಟ್ಟಲಿನ ಹಾಗೆ ಹೊಳೆಸಿ ಸಾಲಾಗಿ ಜೋಡಿಸಿಟ್ಟೆ.

ಅಪ್ಪ ಒಳಗೆ ಬಂದ. ನೋಡಿದ. ಭೇಷ್ ಅನ್ನಲಿಲ್ಲ. ಖಾಲಿ ಗೋದಲಿಗೆ ಒರಗಿ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಅಪ್ಪನಿಗೆ ಓದು ಬರೆಹ ಅಷ್ಟಕ್ಕಷ್ಟೆ. ಬೇರೆ ಫಿಟ್ಟರುಗಳು ನಂಬರ್ ಹೊಡೆಯುವ ಕಡೆ ಅಪ್ಪ ಗೆರೆ ಎಳೆಯುತ್ತಿದ್ದ, ತಾತ ತನ್ನ ಕುರಿಗಳಿಗೆ ಬಣ್ಣದ ಗುರುತು ಹಾಕುತ್ತಿದ್ದ ಹಾಗೆ. ಮೊದಲ ಮುಚ್ಚಳಕ್ಕೆ ಒಂದು ಗೆರೆ, ಎರಡನೆಯದಕ್ಕೆ ಎರಡು. ಮಷಿನ್ನಿನ ಮೇಲೂ ಅಷ್ಟಷ್ಟೇ ಗೆರೆ. ಯಾವ ಮುಚ್ಚಳ ಎಲ್ಲಿತ್ತೋ ಅಲ್ಲೇ ಕೂರಬೇಕು, ಇಲ್ಲದಿದ್ದರೆ ಒಳಗಿನ ಉಕ್ಕಿನ ದಂಡ ತಿರುಗುವುದೇ ಇಲ್ಲ. ಹಳದಿ ಮುಟ್ಟಬೇಡಿ ಎಂದು ಅಪ್ಪ ಅಕ್ಕನಿಗೆ ಹೇಳಿದ್ದನಂತೆ. ಕೊಡ ಹೊತ್ತು ಬಂದ ಅಕ್ಕ ಬಾಗಿಲಲ್ಲೇ ನಿಂತು, ಇವಳಿಗೆ ಹೇಳಲು ಮರೆತೆ ಎಂದು ಅಳತೊಡಗಿದಳು. ನನಗೆ ಅಳುವೂ ಬರಲಿಲ್ಲ. ನಮ್ಮಪ್ಪನ ಶೆಡ್ಡನ್ನು ನಾನೇ ಮುಚ್ಚಿಸಿದೆ ಅನ್ನಿಸಿಬಿಟ್ಟಿತು.

ಅಪ್ಪ ಎದ್ದು ನನ್ನನ್ನು ಹತ್ತಿರ ಕರೆದ.

“ಬಣ್ಣ ಓಯ್ತು ಅಂದ್ರೆ ಜೋಡಿ ಓಗ್ಲಿಲ್ಲ ಕಣವ್ವ. ಮುಚ್ಚಳ, ಬುಡ ಎರಡನ್ನೂ ಸೇರಿಸಿ ಒಂದೇ ಸಲ ಕೊರ್ದಿರ್ತಾರೆ. ಅದರದಕ್ಕೆ ಅದು ಕೂತ್ರೆ ಉಗುರು ಜಾರ್ತದೆ. ಬೇರೇದು ಕೂತ್ರೆ ಉಗುರು ತಡೀತದೆ. ನನ್ನ ಉಗುರು ಸತ್ತೋಗವೆ. ನಿಂದು ಕೊಡು.”

ಅಪ್ಪನ ಉಗುರುಗಳನ್ನು ಆವತ್ತೇ ನಾನು ಸರಿಯಾಗಿ ನೋಡಿದ್ದು. ಸೀಮೆಎಣ್ಣೆ, ಸೋಡಾ ತಿಂದು ದಪ್ಪಗೆ, ಕಪ್ಪಗೆ, ಸೀಳಿಕೊಂಡಿದ್ದವು. ಅಪ್ಪ ಒಂದೊಂದೇ ಮುಚ್ಚಳ ಇಟ್ಟು ಒತ್ತಿ ಹಿಡಿಯುತ್ತಿದ್ದ. ನಾನು ಕಣ್ಣು ಮುಚ್ಚಿ, ಮುಚ್ಚಳ ಮತ್ತು ಬುಡ ಸೇರುವ ಕಡೆ ಉಗುರು ಎಳೆಯುತ್ತಿದ್ದೆ. ತಡೀತು. ತಿರುಗಿಸಿ ಇಟ್ಟ. ತಡೀತು. ಇನ್ನೊಂದು ಇಟ್ಟ. ಬಿಸಿಲು ಬಾಗಿಲಿಂದ ಗೋಡೆಗೆ ಹೋಯಿತು. ಮೊದಲ ಮುಚ್ಚಳದ ಮೇಲೆ ಉಗುರು ಸರ್ರನೆ ಜಾರಿದಾಗ ನನ್ನ ಮೈ ಜುಮ್ಮೆಂದಿತು. ಎರಡನೆಯದು ಸಿಕ್ಕಿತು. ಮೂರನೆಯದೂ ಸಿಕ್ಕಿದ ಮೇಲೆ ಕೊನೆಯದು ತಾನಾಗಿಯೇ ಸರಿಹೋಯಿತು.

ಯಜಮಾನರು ಬಂದರು. ಅಪ್ಪ ಸ್ವಿಚ್ ಹಾಕಿದ. ಮಷಿನ್ ಒಮ್ಮೆ ಗುರ್ರೆಂದು, ಆಮೇಲೆ ಒಂದೇ ಸಮನೆ ತಿರುಗತೊಡಗಿತು. ಅಕ್ಕ ತಂದ ಟೀ ಲೋಟವನ್ನು ಅವರು ಓಡುತ್ತಿದ್ದ ಮಷಿನ್ನಿನ ನೆತ್ತಿಯ ಮೇಲಿಟ್ಟು ಬಗ್ಗಿ ನೋಡಿದರು. ಟೀ ಅಲುಗಲಿಲ್ಲ. ಉಳಿದ ಮೂರನ್ನೂ ಕಳಿಸುತ್ತೇನೆ ಎಂದು ಹೇಳಿ ಆರಾಮಾಗಿ ಟೀ ಕುಡಿದರು. ಅಪ್ಪ ನನ್ನ ಕಡೆ ಕೈ ತೋರಿಸಿ, “ಮುಚ್ಚಳ ಕೂರ್ಸಿದ್ದು ನಮ್ಮ ಚಿಕ್ಕವಳು ಸಾರ್” ಅಂದ. ಒರೆಸಿಹಾಕಿದ್ದೂ ಅವಳೇ ಎಂದು ಹೇಳಲಿಲ್ಲ.

ನೀವೆಲ್ಲ ಎಲೆಕ್ಟ್ರಾನಿಕ್ ಸಿಟಿಯ ಫ್ಲ್ಯಾಟಿನಲ್ಲಿ ಬೆಳೆದವರು. ಮೊನ್ನೆ ನಿಮ್ಮಲ್ಲೇ ಒಬ್ಬನಾದ ನಮ್ಮ ಮೊಮ್ಮಗ ಪಾರ್ಕಿಂಗಿನಲ್ಲಿ ಕೂತು ತನ್ನ ಗೇರ್ ಸೈಕಲ್ ತೊಳೆಯುತ್ತಿದ್ದ. ಒಂದು ಡಬ್ಬಿಯಿಂದ ಬುಸ್ ಎಂದು ಏನೋ ಹೊಡೆದ, ಬಟ್ಟೆಯಲ್ಲಿ ಒರೆಸಿದ, ತುಕ್ಕೂ ಇಲ್ಲ ಗ್ರೀಸೂ ಇಲ್ಲ, ಮೇಲಾಗಿ ನಿಂಬೆಹಣ್ಣಿನ ವಾಸನೆ! ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಸೀಟಿನ ಕೆಳಗಿನ ಕಂಬಿಯ ಹತ್ತಿರ ಬಂದಾಗ ಅವನ ಕೈ ನಿಂತಿತು. ಅಲ್ಲಿ ಉಗುರುಬಣ್ಣದ ಎರಡು ಗೆರೆಗಳಿದ್ದವು, ಸೀಟು ಎತ್ತರಿಸಿದಾಗಲೆಲ್ಲ ಎತ್ತರದ ಗುರುತಿಗೆಂದು ಅವನ ಅಕ್ಕ ಎಳೆದವು.

“ಅಜ್ಜಿ, ಈ ಗೆರೆ ಯಾಕೆ ಹಾಕಿರೋದು? ಒರೆಸ್ಬಹುದಾ?” ಅಂದ.

ನಾವು ದೊಡ್ಡವರನ್ನು ಏನೂ ಕೇಳುತ್ತಿರಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದೆವು, ಹೇಳದ್ದನ್ನು ಊಹಿಸುತ್ತಿದ್ದೆವು. ಅಷ್ಟು ಉಜ್ಜಿದ ನನಗೆ ಆ ಒಂದು ಮಾತು ಬಾಯಿಗೆ ಬಂದಿರಲಿಲ್ಲ. ಇವನು ಕೇಳಿದ. ಅವನ ಬೆನ್ನ ಮೇಲೆ ಕೈಯಿಟ್ಟು ನಾನು ಭೇಷ್ ಅಂದೆ. ಯಾತಕ್ಕೆ ಎಂದು ಅವನಿಗೆ ತಿಳಿಯಲಿಲ್ಲ, ಈಗ ತಿಳಿದಿರಬೇಕು.