ಹಂಪಣ್ಣನವರು ಚುಚ್ಚಿ ನೋಡಿದ ಗಾಜು

ಹುಲಿಗಿ ಜಾತ್ರೆಗೆ ಹೋಗುವ ಜನರೆಲ್ಲ ಸಾಲಾಗಿ ತುಳಿದು ಹೋದರೂ ಕಾರಟಗಿಯ ಕಳಕಮ್ಮ ಅಂಟಿಸಿದ ಮೊಬೈಲ್ ಗಾಜು ಬಿರಿಯುವುದಿಲ್ಲ. ಬಿರಿದರೆ ತುಳಿದವರ ಹಿಮ್ಮಡಿಯೇ ಬಿರಿಯಬೇಕು. ಇದು ನಾನು ಕಟ್ಟಿದ ಮಾತಲ್ಲ, ಕಳಕಮ್ಮನೇ ಹೇಳಿಕೊಂಡದ್ದು. ನಾನು ಜನರ ಸಂಖ್ಯೆಯನ್ನು ತುಸು ಕಡಿಮೆ ಮಾಡಿದ್ದೇನೆ, ಅಷ್ಟೆ.

ಈಕೆ ಮೊದಲು ಕುಷ್ಟಗಿ ಕಡೆಯ ಗ್ರಾನೈಟ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಪಾಲಿಶ್ ಕೆಲಸ ಮಾಡಿದವಳು. ಆಕೆ ಉಜ್ಜಿದ ಕಲ್ಲಿನಲ್ಲಿ ಮುಖ ನೋಡಿಕೊಂಡು ಲಾರಿ ಡ್ರೈವರುಗಳು ಗಡ್ಡ ಹೆರೆದುಕೊಳ್ಳುತ್ತಿದ್ದರು. ಕಲ್ಲಿನಲ್ಲಿ ಮಿನುಗುವ ಗುಲಾಬಿ ಕಾಳಿಗೆ ಫೆಲ್ಡ್‌ಸ್ಪಾರ್ ಎನ್ನುತ್ತಾರೆ, ಅದರಲ್ಲಿ ಅಲ್ಯುಮಿನಾ, ಸಿಲಿಕಾ ಎರಡೂ ಕೂಡಿಕೊಂಡಿವೆ, ಗಟ್ಟಿ ಗಾಜಿಗೂ ಇದೇ ಜೋಡಿ ಬೇಕು ಎಂದು ಅಲ್ಲಿನ ಮೇಸ್ತ್ರಿ ಹೇಳಿದ್ದ. ಕಲ್ಲಿನ ಧೂಳು ಸಾಕಾಗಿ ಕೆಲಸ ಬಿಟ್ಟಾಗ ಕಳಕಮ್ಮ ಸೇರಿದ್ದು ಆ ಕಾಳಿನ ನೆಂಟರ ಮನೆಯನ್ನೇ. ಕಾರಟಗಿ ಬಸ್ ನಿಲ್ದಾಣದ ಎದುರು ಒಂದು ಮೇಜು, ಒಂದು ಛತ್ರಿ, ಒಂದು ಡಬ್ಬಿ ಮೊಬೈಲ್ ಗಾಜು.

ತೊಂದರೆ ಒಂದೇ. ಇಲ್ಲಿಯೂ ಧೂಳು! ಬಸ್ಸು ಬಂದಾಗಲೆಲ್ಲ ಗಾಜಿನಡಿ ಒಂದು ಕಣ ಕೂತು ಗುಳ್ಳೆ ಏಳುತ್ತಿತ್ತು. ಬಾಗಿಲಿರುವ ಕೋಣೆ ಸಿಗದಿದ್ದರೆ ಅಂಗಡಿ ಎತ್ತಬೇಕಿತ್ತು. ಹಂಪಣ್ಣನವರ ಅಕ್ಕಿ ಗಿರಣಿಯಲ್ಲಿ ರಸ್ತೆಗೆ ಮುಖ ಮಾಡಿದ ಕೋಣೆಯೊಂದು ಖಾಲಿಯಿತ್ತು. ಹೋಗಿ ಕೇಳಿದಳು.

"ನನ್ನ ಫೋನಿಗೆ ಗಾಜು ಹಾಕವಾ. ಪಾಸಾದರ ಕೋಣಿ ನಿಂದ," ಅಂದರು ಹಂಪಣ್ಣ.

ಅಲ್ಲೇ ಹಾಕಿಕೊಟ್ಟಳು. ಹಮಾಲ ವೆಂಕೋಬ ಬೀಗದ ಕೈಯಿಂದ ಗೀರಿದ, ಗೆರೆ ಬೀಳಲಿಲ್ಲ.

"ಅಲ್ಲ, ಇಷ್ಟು ತೆಳ್ಳಗ ಐತಿ, ಹೆಂಗ ಗಟ್ಟಿ ಆತು?" ಎಂದರು ಹಂಪಣ್ಣ.

"ಕಾದ ಪೊಟ್ಯಾಸಿಯಂ ಉಪ್ಪಿನ್ಯಾಗ ಅದ್ದತಾರ್ರಿ ಸಾವಕಾರ್ರ. ಮ್ಯಾಲಿನ ಪದರದಾಗಿನ ಸಣ್ಣ ಸೋಡಿಯಂ ಹೊರಗ ಬರತೈತಿ, ದೊಡ್ಡ ಪೊಟ್ಯಾಸಿಯಂ ಆ ಜಾಗಕ್ಕ ಹೊಕ್ಕೊಂಡು ಕುಂದರತೈತಿ. ಗಂಗಾವತಿ ಬಸ್ಸಿನ್ಯಾಗ ಸಣಕಲ ಹುಡುಗಿ ಎದ್ದ ಸೀಟಿಗೆ ನಿಮ್ಮಂಥೋರು ಕುಂತಂಗ. ಅಷ್ಟು ಒತ್ತಿ ಕುಂತ ಮ್ಯಾಲೆ ಬಿರುಕಿಗೆ ಜಾಗ ಎಲ್ಲೈತ್ರಿ?"

ವೆಂಕೋಬ ನಕ್ಕು, ಎತ್ತುತ್ತಿದ್ದ ಅಕ್ಕಿ ಚೀಲವನ್ನು ಕೈಬಿಟ್ಟ.

ಆದರೆ ಅಕ್ಕಿ ವ್ಯಾಪಾರಿಗಳಿಗೆ ಮಾತಿನ ಮೇಲೆ ನಂಬಿಕೆಯಿಲ್ಲ. ಚೀಲಕ್ಕೆ ಚುಚ್ಚಿ ಅಕ್ಕಿ ತೆಗೆದು ನೋಡುವ ಚೂಪು ಮೂತಿಯ ಕೊಳವೆ ಹಂಪಣ್ಣನವರ ಕೈಯಲ್ಲಿ ಆರನೆಯ ಬೆರಳಿನಂತೆ ಇರುತ್ತದೆ. ಬೀಗರ ಮನೆಗೆ ಹೋದಾಗ ಸೋಫಾವನ್ನೂ ಚುಚ್ಚಿ ನೋಡಿದರಂತೆ. ಈಗಲೂ ರೂಢಿಯಂತೆ ಕೈ ಮೇಲೆದ್ದಿತು. ಖಚ್!

ಗಾಜೆಲ್ಲ ಜೇಡರ ಬಲೆ. ಹುಲಿಗಿಗೆ ಹೋಗುವ ಜನ ಇನ್ನೂ ಮನೆಯನ್ನೇ ಬಿಟ್ಟಿರಲಿಲ್ಲ.

"ಕೋಣಿ ಹೋತು," ಎಂದ ವೆಂಕೋಬ.

"ಅಂಥಾ ಚೂಪು ಮೂತಿಗೆ ಯಾವ ಗಾಜು ತಡೀತೈತ್ರಿ?" ಎನ್ನುತ್ತ ಕಳಕಮ್ಮ ಉಗುರಿನಿಂದ ಒಡಕು ಗಾಜನ್ನು ಸಿಪ್ಪೆಯಂತೆ ಸುಲಿದಳು. ಅಡಿಯಲ್ಲಿ ಫೋನು ಹೊಸದರಂತೆ ಹೊಳೆಯುತ್ತಿತ್ತು. ಪರದೆಯ ಮೇಲೆ ಹಂಪಣ್ಣನವರ ಮೊಮ್ಮಗಳು ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದಳು. "ಮ್ಯಾಲಿಂದು ಪೆಟ್ಟು ತಿನ್ನಾಕ ಇರೂದ್ರಿ. ತಿಂತು. ಒಳಗಿಂದು ನೋಡ್ರಿ."

ಹಂಪಣ್ಣ ತಿರುಗಿಸಿ ನೋಡಿದರು, ಮೊಮ್ಮಗಳನ್ನು ಮುಟ್ಟಿ ನೋಡಿದರು. ಆಮೇಲೆ ನಕ್ಕ ನಗೆಗೆ ಹೊರಗಿನ ಭತ್ತದ ರಾಶಿ ಎರಡು ಗೇಣು ಜರಿಯಿತು. ಕೋಣೆಯ ಕೀಲಿ ಆಕೆಯ ಕೈಗಿಟ್ಟರು. ಆದರೂ ಪೂರ್ತಿ ಸೋಲಲು ಮನಸ್ಸಿಲ್ಲ.

"ಕೋಣಿ ತಗೋ. ಖರೇ ಹೇಳು, ಇನ್ನೊಂದು ಗಾಜು ಹಾಕಿದರ ಗ್ಯಾರಂಟಿ ಏನೈತಿ?"

"ಗಾಜಿಗೆ ನಾ ಕೊಡತೀನ್ರಿ ಸಾವಕಾರ್ರ. ನಿಮ್ಮ ಕೈಗೆ ಯಾರು ಕೊಡಬೇಕು?"